ಸಪ್ಪನ ಬ್ಯಾಳಿ

ಶ್ರಾವಣದ ಮೊದಲ ಸೋಮವಾರ ಚನ್ನಬಸವ್ವ ಉಪ್ಪು ಬಿಟ್ಟಳು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತು, ಮೊಮ್ಮಗಳು ಅಂಬಾನ ಮದುವೆ ಗೊತ್ತಾಗುವ ತನಕ ಉಪ್ಪು ಮುಟ್ಟುವುದಿಲ್ಲವೆಂದು ಹರಕೆ ಹೊತ್ತದ್ದನ್ನು ಸೊಸೆಗೆ ತಿಳಿಸಿದಳು. ಸೊಸೆ ಗೌರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಿಸಲಿಲ್ಲ.

“ಹರಕಿ ನಿಮ್ಮದು, ದುಡಿತ ನಂದು,” ಎಂದಳು.

“ಏನ ಮಹಾ ದುಡಿತ? ಬ್ಯಾಳಿಗೆ ಉಪ್ಪು ಹಾಕೂಕಿಂತ ಮೊದಲ ನಂದೆರಡು ಸೌಟು ತಗದಿಡು.”

“ನೀವು ಉಣ್ಣೂದ ಒಂದು ಸೌಟು. ಇನ್ನೊಂದು ಯಾರಿಗ್ರಿ?”

“ಉಪ್ಪಿಲ್ಲದ ಊಟ ಹೊಟ್ಟಿಗೆ ಹತ್ತೂದಿಲ್ಲ. ಹಸಿವಿ ಜಾಸ್ತಿ ಆಗ್ತದ.”

ಗೌರಾಬಾಯಿ ಕಿಟಕಿಯಿಂದ ಕೆಳಗೆ ನೋಡಿದಳು. ಅಂಗಳದಲ್ಲಿ ಬೆಲ್ಲದ ಖಾಲಿ ಗೋಣಿಚೀಲಗಳ ಮೇಲೆ ನಾಯಿ ಬಂಟ್ಯಾ ಕಾಲು ಚಾಚಿ ಮಲಗಿತ್ತು. ಎರಡನೆಯ ಸೌಟು ಯಾರ ಹೊಟ್ಟೆಗೆ ಹೋಗುವುದೆಂದು ಅವಳಿಗೆ ಆಗಲೇ ತಿಳಿಯಿತು. ನಾಯಿಗೆ ಬೇರೆ ಅಡಿಗೆ ಮಾಡು ಎಂದಿದ್ದರೆ ಅವಳು ಸೌಟು ಒಗೆದು ಎದ್ದುಬಿಡುತ್ತಿದ್ದಳು. ದೇವರಿಗೆ ಎಂದರೆ ಯಾವ ಮನೆಯ ಸೊಸೆ ಒಲ್ಲೆ ಅನ್ನುತ್ತಾಳೆ? ಮುದುಕಿ ಅಷ್ಟೆಲ್ಲ ವಿಚಾರ ಮಾಡಿಯೇ ಉಪ್ಪು ಬಿಟ್ಟಿದ್ದಳು.

ಅದು ಮೂವತ್ತೆಂಟನೇ ಇಸವಿ. ಚನ್ನಬಸವ್ವನ ಮಗ ಗೂಳಪ್ಪ ಬೈಲಹೊಂಗಲದ ಕಡೆಯವನು. ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದ. ಕೆಳಗೆ ಅಂಗಡಿ, ಅದರ ಹಿಂದೆ ಬೆಲ್ಲ ಕೂಡಿಡುವ ವಖಾರಿ, ಮೇಲೆ ಮನೆ. ಅಂಗಳದ ನಳ ಮಾತ್ರ ವಾಡೆಯ ಎಲ್ಲ ಮನೆಗಳದು. ಬಂಟ್ಯಾ ಮರಿಯಾಗಿದ್ದಾಗ ಯಾವುದೋ ಬೆಲ್ಲದ ಗಾಡಿಯಲ್ಲಿ ಚೀಲಗಳ ಸಂದಿಯಲ್ಲಿ ಸಿಕ್ಕು ಬಂದದ್ದು. ಬೆಳೆದು ವಖಾರಿಯ ಬಾಗಿಲು ಹಿಡಿಯಿತು. ಅದು ಇರುವ ತನಕ ಪೇಠೆಯ ಒಂದು ಆಡೂ ಗೂಳಪ್ಪನ ಬೆಲ್ಲಕ್ಕೆ ನಾಲಿಗೆ ಹಚ್ಚಲಿಲ್ಲ.

ಆ ಬೇಸಿಗೆಯ ಕೊನೆಗೆ, ನಳದ ಮುಂದೆ ಹೆಂಗಸರು ಕೊಡ ಹಿಡಿದು ನಿಂತಿದ್ದ ಹೊತ್ತಿನಲ್ಲಿ, ಅದು ಒಮ್ಮೆಲೇ ಅಡ್ಡ ಬಿದ್ದು ಕಾಲು ಸೆಟೆದು ಒದ್ದಾಡಿತು. ಬಾಯಲ್ಲಿ ನೊರೆ. ನೆರೆಮನೆಯ ಕೃಷ್ಣಾಬಾಯಿ ಕೊಡ ಬಿಟ್ಟು ಓಡಿದಳು. ಹುಚ್ಚುನಾಯಿ ಎಂದು ಗುಲ್ಲಾಗಿ ಹಮಾಲರು ಕಲ್ಲು ಎತ್ತಿಕೊಂಡರು. ಚನ್ನಬಸವ್ವ ಮೆಟ್ಟಿಲಿಳಿದು ಬಂದು ನಾಯಿಯ ಮುಂದೆ ಸೀರೆ ಹರವಿ ಕುಳಿತುಬಿಟ್ಟದ್ದರಿಂದ ಕಲ್ಲು ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ನಾಯಿ ಎದ್ದು, ಏನೂ ಆಗದಂತೆ ನೀರು ಕುಡಿಯಿತು.

ಗೂಳಪ್ಪನ ಮಗ ಅಪ್ಪಾಸಾಹೇಬ ಕಾಲೇಜಿನಲ್ಲಿ ಸಾಯನ್ಸು ಓದುತ್ತಿದ್ದ. ಅವನೇ ಟಾಂಗಾದಲ್ಲಿ ನಾಯಿಯನ್ನು ದಂಡಿನವರ ಕ್ಯಾಂಪಿನ ಜಾನುವಾರು ದವಾಖಾನೆಗೆ ಒಯ್ದ. ಅಲ್ಲಿಯ ಡಾಕ್ಟರು ಮೋಹನದಾಸ್ ಎಂಬವರು ನಾಯಿಯ ಕಣ್ಣು, ನಾಲಿಗೆ ನೋಡಿ, ಇದು ಹುಚ್ಚಲ್ಲ, ಮನುಷ್ಯರಿಗೆ ಬರುವಂಥ ಮೂರ್ಛೆರೋಗವೇ, ಹೋಗುವ ರೋಗವಲ್ಲ, ಆದರೆ ಔಷಧದಿಂದ ತಡೆಯಬಹುದು ಎಂದು ಹೇಳಿ ಬ್ರೋಮೈಡ್ ಎಂಬ ಬಿಳಿ ಪುಡಿ ಬರೆದುಕೊಟ್ಟರು. ದಿನವೂ ಹಾಕಬೇಕು, ನಡುವೆ ಬಿಡಬಾರದು. ಆ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಪ್ಪಾಸಾಹೇಬ ಇದನ್ನೆಲ್ಲ ಮನೆಯವರಿಗೆ ವರದಿ ಒಪ್ಪಿಸಿದ.

“ಇನ್ನೊಂದು ಮಾತು. ಉಪ್ಪಿನಕಾಯಿ, ಹಪ್ಪಳ, ಅಂಥಾದ್ದೇನೂ ನಾಯಿಗೆ ಹಾಕಬಾರದಂತ. ಉಪ್ಪು ಹೆಚ್ಚಾತಂದ್ರ ಔಷಧ ಮೈಯಾಗ ನಿಲ್ಲೂದಿಲ್ಲಂತ.”

“ನಾಯಿಗೆ ಪಥ್ಯ,” ಎಂದು ಗೂಳಪ್ಪ ನಕ್ಕ. “ನಾಳಿಗೆ ಅದಕ್ಕ ಹಾಸಿಗಿ, ತಲಿದಿಂಬೂ ಬರ್ತಾವ. ಬಡಸು ಅದಕ್ಕ ಮೊದಲ.”

ಎಲ್ಲರೂ ನಕ್ಕರು. ಡಾಕ್ಟರು ಹೇಳಿದ ಮತ್ತೊಂದು ಮಾತು ಇತ್ತು. ಆ ನಗೆಯಲ್ಲಿ ಅದು ಅಪ್ಪಾಸಾಹೇಬನ ಬಾಯಲ್ಲೇ ಉಳಿಯಿತು.

ಔಷಧ ಕುಡಿಸುವ ಕೆಲಸ ಚನ್ನಬಸವ್ವನ ಪಾಲಿಗೆ ಬಂತು. ಬೆಲ್ಲದ ಪೆಂಟೆಯಿಂದ ಒಂದು ಚೂರು ಒಡೆದು, ಬೆರಳಿನಿಂದ ಕುಳಿ ಮಾಡಿ, ಪುಡಿ ತುಂಬಿ, ಮತ್ತೆ ಒತ್ತಿ ಉಂಡೆ ಕಟ್ಟಿ ಕೊಡುತ್ತಿದ್ದಳು. ನಾಯಿ ಗುಳಕ್ಕನೆ ನುಂಗುತ್ತಿತ್ತು. ಒಮ್ಮೆ ಆ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿ, “ಏ, ಇದೂ ಉಪ್ಪ ಅದ,” ಎಂದು ಮುಖ ಕಿವುಚಿದ್ದಳು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬಂಟ್ಯಾನಿಗೆ ಬೀಳುವ ಮೂರ್ಛೆ ಕಡಿಮೆಯಾಯಿತೇ ಹೊರತು ಪೂರ್ತಿ ನಿಲ್ಲಲಿಲ್ಲ. ಇಷ್ಟರಲ್ಲಿ ಬೇರೊಂದು ತೊಡಕು ಎದ್ದಿತು. ರವಿವಾರ ಪೇಠೆಯ ಬಟ್ಟೆ ವ್ಯಾಪಾರಿ ಹೊಳಬಸಪ್ಪನ ಮಗನಿಗೆ ಅಂಬಾನನ್ನು ಕೇಳಿದ್ದರು. ಮಾತು ಮುಂದುವರಿದಿತ್ತು. ಆಗ ಹೊಳಬಸಪ್ಪನ ಹೆಂಡತಿ ಕೃಷ್ಣಾಬಾಯಿಯನ್ನು ಕಂಡು, ಬೆಲ್ಲದವರ ಮನೆಗೆ ಮೂರ್ಛೆಯ ಔಷಧ ಒಯ್ಯುತ್ತಾರಂತೆ, ಯಾರಿಗೆ, ಹುಡುಗಿಗೋ ಎಂದು ಕೇಳಿದಳಂತೆ. ಔಷಧದ ಅಂಗಡಿಯಿಂದ ಸುದ್ದಿ ಅಲ್ಲಿಯ ತನಕ ಹೋಗಿತ್ತು. ನಾಯಿಗೆ ಎಂದು ಕೃಷ್ಣಾಬಾಯಿ ಹೇಳಿದಳು. ಆಕೆ ನಂಬಲಿಲ್ಲ. ನಾಯಿಗೆ ಯಾರಾದರೂ ಔಷಧ ಕೊಳ್ಳುತ್ತಾರೆಯೆ?

ಗೂಳಪ್ಪ ಅಂದು ಊಟಕ್ಕೆ ಕುಳಿತವನು ರೊಟ್ಟಿ ಮುರಿಯದೆ ಹೇಳಿದ.

“ಯವ್ವಾ, ಕೇಳು. ಇನ್ನೊಮ್ಮೆ ನಾಕ ಮಂದಿ ಎದುರಿಗೆ ಆ ನಾಯಿ ಬಿತ್ತಂದ್ರ ನಾ ಅದನ್ನ ಇಟಗೊಳ್ಳೂದಿಲ್ಲ. ಮಗಳ ಬಾಳ್ವೆಕಿಂತ ನಾಯಿ ದೊಡ್ಡದಲ್ಲ.”

“ಬೀಳೂದಿಲ್ಲ ಬಿಡು,” ಎಂದಳು ಚನ್ನಬಸವ್ವ.

ಅದಾದ ಮೇಲೆಯೇ ಬಂದದ್ದು ಶ್ರಾವಣದ ಸೋಮವಾರ, ಅದರ ಹರಕೆ. ಉಪ್ಪು ಹೆಚ್ಚಾದರೆ ಔಷಧ ನಿಲ್ಲುವುದಿಲ್ಲ ಅಂದಮೇಲೆ ಉಪ್ಪೇ ಇಲ್ಲದಿದ್ದರೆ ಪೂರಾ ನಿಲ್ಲುತ್ತದೆ ಎಂಬುದು ಮುದುಕಿಯ ವಿಚಾರ. ಅದರಲ್ಲಿ ತಪ್ಪಿದೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಲ್ಲಿಯ ತನಕ ನಾಯಿಗೆ ಮನೆಯ ಸಾರಿನಲ್ಲಿ ನೆನೆಸಿದ ತಂಗಳು ರೊಟ್ಟಿ ಬೀಳುತ್ತಿತ್ತು. ತಾಟಿನ ಎಂಜಲು ಎಂಬುದು ಆ ಮನೆಯಲ್ಲಿ ಇರಲೇ ಇಲ್ಲ. ತಾಟಿಗೆ ಬಡಿಸಿದ್ದು ಪ್ರಸಾದ. ಒಂದು ಅಗುಳು ಬಿಡದೆ ಉಂಡು, ತಾಟು ತೊಳೆದು ಆ ನೀರನ್ನೂ ಕುಡಿದು ಏಳಬೇಕು. ಚನ್ನಬಸವ್ವ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೀಗಾಗಿ ತನ್ನ ತಾಟಿಗೆ ಬಡಿಸಿಕೊಳ್ಳುವ ಮೊದಲೇ ಒಂದು ಸೌಟು ಸಪ್ಪನ ಬ್ಯಾಳಿಯನ್ನು, ಎರಡು ರೊಟ್ಟಿಯನ್ನು ಪರಾತಕ್ಕೆ ತೆಗೆದಿಡುತ್ತಿದ್ದಳು. ಉಂಡ ಮೇಲೆ ಅದನ್ನು ಸೆರಗಿನಡಿ ಹಿಡಿದು ಕೆಳಗಿಳಿಯುತ್ತಿದ್ದಳು. ಎಲ್ಲರೂ ನೋಡುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ.

ಗೌರಾಬಾಯಿಗೆ ಮೊದಮೊದಲು ಇದು ದಿನದ ಕಿರಿಕಿರಿ. ಒಲೆಗಳು ಎರಡು, ಉಣ್ಣುವವರಲ್ಲದೆ ಊರಿಂದ ಬಂದುಹೋಗುವ ಬೆಲ್ಲದ ರೈತರು ಬೇರೆ. ಬೇಳೆ ಕುದಿಯುವಾಗ ನೆನಪಿಟ್ಟು ತೆಗೆಯಬೇಕು. ಮರೆತರೆ ಮತ್ತೆ ಬೇರೆ ಬೇಯಿಸಬೇಕು. ಅವಳು ಕೆಲವು ದಿನ ಮರೆತಳು. ಮರೆತದ್ದನ್ನು ಹೇಳಲಿಲ್ಲ. ಉಪ್ಪು ಬಿದ್ದ ಬ್ಯಾಳಿಗೇ ನೀರು ಬೆರೆಸಿ ಚಿಕ್ಕ ಗಡಿಗೆಯಲ್ಲಿ ಇಟ್ಟುಬಿಟ್ಟಳು. ಮುದುಕಿಯ ನಾಲಿಗೆ ಅರವತ್ತು ದಾಟಿದೆ, ಏನು ತಿಳಿಯುತ್ತದೆ ಎಂದುಕೊಂಡಳು.

ಒಂದು ದಿನ ಚನ್ನಬಸವ್ವ ತುತ್ತು ಬಾಯಿಗಿಟ್ಟವಳು ಹಾಗೆಯೇ ಕುಳಿತಳು. ಉಗುಳುವಂತಿಲ್ಲ. ನುಂಗಿದರೆ ಹರಕೆ ಮುರಿಯಿತು. ನುಂಗಿದಳು.

“ಗೌರಾ, ಇದರಾಗ ಉಪ್ಪದ.”

“ಇಲ್ರಿ ಅತ್ತಿ. ಬ್ಯಾಳಿಗೆ ತನ್ನದ ಒಂದು ರುಚಿ ಇರ್ತದ.”

“ನನಗ ಬ್ಯಾಳಿ ರುಚಿ ಹೇಳಿಕೊಡಬ್ಯಾಡ. ನಿನ್ನ ಗಂಡಗ ಬ್ಯಾಳಿ ಉಣಿಸಿ ಬೆಳಿಸಿದಾಕಿ ನಾನು.”

ಮರುದಿನ ಬೆಳಿಗ್ಗೆಯೇ ಬಂಟ್ಯಾ ವಖಾರಿಯೊಳಗೆ ಬಿದ್ದು ಒದ್ದಾಡಿತು. ಪುಣ್ಯಕ್ಕೆ ಹೊರಗಿನವರು ಯಾರೂ ಇರಲಿಲ್ಲ. ಚನ್ನಬಸವ್ವ ಮೇಲೆ ಬಂದು, ಸೊಸೆಯ ಗಂಡ ಮಕ್ಕಳೆಲ್ಲ ಕೇಳುವಂತೆ ಅವಳಿಗೆ ಅಂದಳು.

“ನಿನ್ನ ಒಂದು ಹಿಡಿ ಉಪ್ಪು ಅದನ್ನ ಬೀಳಿಸ್ತು ನೋಡು. ಮಗಳ ಹರಕಿನೂ ಕೆಡಿಸಿದಿ, ಮೂಕ ಜೀವಾನೂ ಕೆಡಿಸಿದಿ. ಕೈಲಾಗದಿದ್ರ ಹೇಳು, ನಾನ ಒಲಿ ಮುಂದ ಕೂಡ್ತೇನಿ.”

ಗೌರಾಬಾಯಿಗೆ ಇದು ಚೇಳು ಕುಟುಕಿದಂತಾಯಿತು. ಇಪ್ಪತ್ತು ವರ್ಷ ಆ ಒಲೆಯ ಮುಂದೆ ಕುಳಿತವಳನ್ನು ಕೈಲಾಗದವಳು ಎಂದಿದ್ದಳು. ಗೂಳಪ್ಪ ರುಮಾಲು ಸುತ್ತಿಕೊಂಡು ಅಂಗಡಿಗೆ ಇಳಿದ. ಆ ದಿನದಿಂದ ಗೌರಾಬಾಯಿ ಬೇರೆ ಗಡಿಗೆ ಇಟ್ಟಳು, ಬೇರೆ ಸೌಟು ಇಟ್ಟಳು. ಸಪ್ಪನ ಅಡಿಗೆ ಮುಗಿಯುವ ತನಕ ಉಪ್ಪಿನ ಭರಣಿಯ ಮುಚ್ಚಳ ತೆಗೆಯಲಿಲ್ಲ. ಮಜ್ಜಿಗೆಗೂ ಇಲ್ಲ, ಪಲ್ಯಕ್ಕೂ ಇಲ್ಲ. ಒಂದು ಹರಳು ಉಪ್ಪು ಹುಡುಕಿ ತೋರಿಸಲಿ ನೋಡೋಣ ಎಂಬ ಹಟ. ಆ ಹಟಕ್ಕೆ ಅವಳು ಎಷ್ಟು ಕಷ್ಟಪಟ್ಟಳೋ ಅಷ್ಟು ಬೇರೆ ಯಾವುದಕ್ಕೂ ಪಟ್ಟಿರಲಿಲ್ಲ.

ಫಲವೂ ಕಂಡಿತು. ಬಂಟ್ಯಾ ಬೀಳುವುದು ನಿಂತೇ ಹೋಯಿತು. ಗಣಪತಿ ಹಬ್ಬದ ಡೋಲು ತಾಶೆಗಳ ಗದ್ದಲ ವಾಡೆಯ ಮುಂದೆಯೇ ಹಾದುಹೋದರೂ ಅದು ಚೀಲದ ಮೇಲೆ ಮಲಗಿಯೇ ಇತ್ತು. ಮುದುಕಿ ಸೊಸೆಯ ಕಡೆ ನೋಡಿ ಹೆಮ್ಮೆಯಿಂದ ಗದ್ದ ಎತ್ತಿದಳು. ಗೌರಾಬಾಯಿಯೂ ಒಪ್ಪಿಕೊಂಡಳು.

“ನಿಮ್ಮ ಹರಕಿ ಹತ್ತಿತ ನೋಡ್ರಿ.”

“ನಿನ್ನ ಕೈ ಅಡಿಗಿ ಹತ್ತಿತು,” ಎಂದಳು ಮುದುಕಿ. ಅಷ್ಟು ಒಳ್ಳೆಯ ಮಾತು ಅವಳ ಬಾಯಿಂದ ಎಷ್ಟೋ ವರ್ಷಕ್ಕೆ ಬಂದಿತ್ತು. ಗೌರಾಬಾಯಿಗೆ ಅಂದು ರೊಟ್ಟಿಗಳು ಹಗುರಾಗಿ ಉಬ್ಬಿದವು.

ಡೋಲಿನ ಗದ್ದಲಕ್ಕೂ ನಾಯಿ ಏಳಲಿಲ್ಲವೇಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಬರಬರುತ್ತಾ ಅದು ಬೊಗಳುವುದು ಕಡಿಮೆಯಾಯಿತು. ಕರೆದರೆ ತಲೆ ಎತ್ತುತ್ತಿತ್ತು, ಎದ್ದು ಬರುತ್ತಿರಲಿಲ್ಲ. ಮುಂದೆ ಹಿಂಗಾಲು ಎಳೆಯತೊಡಗಿತು. ನಡೆಯುತ್ತಾ ಹೋಗಿ ಕಂಬಕ್ಕೆ ಹಾಯುತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಎರಡು ಆಡುಗಳು ಅದರ ಮೂಗಿನ ಮುಂದೆಯೇ ವಖಾರಿಗೆ ಹೊಕ್ಕು ಬೆಲ್ಲ ನೆಕ್ಕಿ ಹೊರಬಂದವು.

ಇನ್ನೊಂದನ್ನು ಗೌರಾಬಾಯಿ ಕಂಡಿದ್ದಳು. ಮಳೆಗಾಲದ ತೇವಕ್ಕೆ ವಖಾರಿಯ ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿಯ ಸವಳು ಒಡೆದಿತ್ತು. ನಾಯಿ ಅಲ್ಲಿಗೆ ತೆವಳಿಕೊಂಡು ಹೋಗಿ ಗೋಡೆ ನೆಕ್ಕುತ್ತಿತ್ತು. ಹಮಾಲರು ಮೂಟೆ ಇಳಿಸಿ ಕುಳಿತರೆ ಅವರ ಬೆವರಿದ ಕಾಲು ನೆಕ್ಕುತ್ತಿತ್ತು. ಅಂಬಾನ ಕೈಯಿಂದ ಹಪ್ಪಳದ ಚೂರು ಬಿದ್ದಾಗ, ಏಳಲಾರದ ನಾಯಿ ಅಂಗಳದ ಆ ತುದಿಯಿಂದ ಈ ತುದಿಗೆ ಉರುಳಿಕೊಂಡು ಬಂತು. ಚನ್ನಬಸವ್ವ ಓಡಿಬಂದು ಅದರ ಬಾಯಿಗೆ ಬೆರಳು ಹಾಕಿ ಚೂರನ್ನು ಕಿತ್ತು ತೆಗೆದಳು. ಗೌರಾಬಾಯಿ ಮರುದಿನವೇ ಸಗಣಿ ಕಲಸಿ, ಆ ಗೋಡೆಯ ಬುಡವನ್ನು ದಪ್ಪಗೆ ಸಾರಿಸಿಬಿಟ್ಟಳು. ಡಾಕ್ಟರು ಬೇಡ ಅಂದದ್ದನ್ನು ನಾಯಿ ಕದ್ದು ತಿನ್ನಬಾರದಲ್ಲ.

“ಅಪ್ಪಾಸಾಬ, ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಬಾರೋ,” ಎಂದು ಮುದುಕಿ ಮೊಮ್ಮಗನಿಗೆ ದುಂಬಾಲು ಬಿದ್ದಳು. ಅವನು ಆಗಲಿ ಆಯಿ ಎನ್ನುತ್ತಿದ್ದ. ಗೂಳಪ್ಪ ಅಡ್ಡ ಬಂದ.

“ಎಲ್ಲೀಗೂ ಹೋಗೂದು ಬ್ಯಾಡ. ದಸರಾ ಮುಗದ ಕೂಡಲೆ ಹೊಳಬಸಪ್ಪನವರು ಮನಿಗೆ ಬರ್ತಾರ. ಈ ಜೊಲ್ಲು ಸುರಿಸೂ ನಾಯಿ ಬಾಗಲಾಗ ಬಿದ್ದಿದ್ರ ಏನಂತಾರ? ಬೆಲ್ಲ ತರೂ ಭೋರ ಊರಿನ ಏಕನಾಥ ನಾಳೆ ಖಾಲಿ ಗಾಡಿ ಹೊಡಕೊಂಡು ಹೊಂಟಾನ. ಒಯ್ದು ಹೊಲದಾಗ ಬಿಡು ಅಂತ ಹೇಳೇನಿ.”

“ನಡೀಲಾರದ್ದು ಹೊಲದಾಗ ಏನು ಮಾಡ್ತದೋ?”

“ಇಲ್ಲೇನು ಮಾಡೂಕ ಹತ್ತೇದ? ಕೊಲ್ಲು ಅಂತ ಹೇಳಿಲ್ಲ ನಾ. ನೀ ಹಂಗ ನೋಡಬ್ಯಾಡ ನನ್ನ.”

ಚನ್ನಬಸವ್ವ ಸೊಸೆಯ ಕಡೆ ತಿರುಗಿದಳು. ಆ ಮನೆಯಲ್ಲಿ ಗೂಳಪ್ಪ ಯಾರ ಮಾತಾದರೂ ಕೇಳಿದರೆ ಗೌರಾಬಾಯಿಯ ಮಾತು ಕೇಳುತ್ತಿದ್ದ. ಗೌರಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಹೋಗಲಿ ಬಿಡಿ, ಹಳ್ಳಿಯ ಗಾಳಿಗೆ ಚೇತರಿಸಿಕೊಂಡರೂ ಚೇತರಿಸಿಕೊಂಡೀತು ಎಂದಳು. ಹಾಗಾದರೆ ಪುಡಿಯನ್ನಾದರೂ ಜೊತೆಗೆ ಕೊಡಿ ಎಂದು ಮುದುಕಿ ಹೇಳಿದಾಗ ಗಂಡ ಹೆಂಡತಿ ಇಬ್ಬರೂ ಒಂದೇ ಬಾಯಿಂದ ಬೇಡವೆಂದರು. ಆ ಪುಡಿಯೇ ಅದರ ಕಾಲು ತಿಂದಿತು ಎಂಬುದು ಅವರ ತಿಳಿವಳಿಕೆ. ಅದರ ಮೇಲೆ, ನಾಯಿಗೆ ಮೂರ್ಛೆ ಬರುತ್ತದೆ ಎಂಬುದನ್ನೂ ಗೂಳಪ್ಪ ಏಕನಾಥನಿಗೆ ಹೇಳಲಿಲ್ಲ. ಗಾಡಿಯವರ ಬಾಯಿ ಹತ್ತು ಪೇಠೆ ತಿರುಗುತ್ತದೆ. ಕಾಲು ಸೋತಿದೆ ಎಂದಷ್ಟೇ ಹೇಳಿದ.

ಏಕನಾಥ ನಾಯಿಯನ್ನು ಗೋಣಿಯಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡ. ಅದು ತಲೆಯನ್ನೂ ಎತ್ತಲಿಲ್ಲ. ಹೊಳಬಸಪ್ಪನ ಮನೆಯವರು ಬಂದು ಅಂಬಾನನ್ನು ನೋಡಿ, ಹುಡುಗಿ ಗಟ್ಟಿಮುಟ್ಟಾಗಿದ್ದಾಳೆಂದು ತಮ್ಮ ಕಣ್ಣಿಂದಲೇ ಖಾತ್ರಿ ಮಾಡಿಕೊಂಡು, ದೀಪಾವಳಿಯ ನಂತರ ನಿಶ್ಚಯ ಎಂದು ಹೇಳಿ ಹೋದರು. ಚನ್ನಬಸವ್ವ ಸಪ್ಪನ ಊಟ ಬಿಡಲಿಲ್ಲ. ನಿಶ್ಚಯ ಆಗಬೇಕು, ಸಕ್ಕರೆ ಹಂಚಬೇಕು, ಆಮೇಲೆ ಉಪ್ಪು. ಗೌರಾಬಾಯಿ ಈಗ ಒಂದೇ ಸೌಟು ತೆಗೆಯುತ್ತಿದ್ದಳು.

ದೀಪಾವಳಿಗೆ ಮುಂಚೆ ಏಕನಾಥ ಬಂದಾಗ ನಗುನಗುತ್ತಾ ಬಂದ. ನಾಯಿ ಎದ್ದು ನಿಂತಿದೆ, ಮನೆಯಲ್ಲಿ ತಾವು ಉಂಡದ್ದನ್ನೇ ಹಾಕುತ್ತೇವೆ, ಒಣಮೀನಿನ ಸಾರೆಂದರೆ ಪರಾತ ನೆಕ್ಕಿ ಹೊಳೆಯುವಂತೆ ಮಾಡುತ್ತದೆ, ಈಗ ಕಬ್ಬಿನ ಹೊಲದಲ್ಲಿ ಹಂದಿ ಅಟ್ಟುತ್ತದೆ ಎಂದು ಮರಾಠಿಯಲ್ಲಿ ಅಂಗಡಿಯ ತುಂಬ ಕೇಳುವಂತೆ ಹೇಳಿದ. ಗೂಳಪ್ಪ ಮೇಲೆ ಬಂದು ಹೆಂಡತಿಗೆ, ನೋಡಿದೆಯಾ, ಪುಡಿ ನಿಲ್ಲಿಸಿದ್ದೇ ಒಳ್ಳೆಯದಾಯಿತು ಎಂದ. ಚನ್ನಬಸವ್ವ ಒಳಗೆ ಹೋಗಿ ದೇವರ ಮುಂದೆ ಇನ್ನೊಂದು ಊದುಬತ್ತಿ ಹಚ್ಚಿದಳು.

ಅಪ್ಪಾಸಾಹೇಬನಿಗೆ ಮಾತ್ರ ಡಾಕ್ಟರ ಮತ್ತೊಂದು ಮಾತು ನೆನಪಾಯಿತು. ಮರುದಿನ ಯಾರಿಗೂ ಹೇಳದೆ ಕ್ಯಾಂಪಿಗೆ ಹೋಗಿ ಬಂದ. ಬಂದವನು ಅಡಿಗೆಮನೆಯಲ್ಲಿ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು.

“ಅವ್ವಾ, ತಪ್ಪು ನಂದ ಆಗ್ಯದ. ಡಾಕ್ಟರು ಅವತ್ತ ಎರಡು ಮಾತು ಹೇಳಿದ್ರು. ನಾ ಮನ್ಯಾಗ ಒಂದ ಹೇಳಿದೆ. ಉಪ್ಪು ಹೆಚ್ಚ ಹಾಕಬ್ಯಾಡ್ರಿ ಅಂದಿದ್ರು. ಹಂಗ ಕಡಿಮಿನೂ ಮಾಡಬ್ಯಾಡ್ರಿ, ದಿನಾ ಒಂದ ನಮೂನಿ ಊಟ ಹಾಕ್ರಿ, ಅದರಾಗ ಬದಲ ಆಗಬಾರದು ಅಂದಿದ್ರು. ಅದೇನು ದೊಡ್ಡ ಮಾತು ಅಂತ ನಾ ಬಿಟ್ಟೆ.”

“ಕಡಿಮಿ ಆದ್ರ ಏನಾಗ್ತದ?”

ಅವನು ಡಾಕ್ಟರು ಹೇಳಿದ್ದನ್ನು ಹೇಳಿದ. ಆ ಪುಡಿಯೂ ಉಪ್ಪಿನ ಜಾತಿಯದೇ. ಮೈಯೊಳಗೆ ಉಪ್ಪು ಕೂಡುವ ಜಾಗದಲ್ಲೇ ಅದೂ ಕೂಡುತ್ತದೆ. ಉಪ್ಪು ಹೆಚ್ಚು ಬಂದರೆ ಪುಡಿಯನ್ನು ಹೊರಗೆ ದಬ್ಬುತ್ತದೆ, ಮೂರ್ಛೆ ಮರಳಿ ಬರುತ್ತದೆ. ಉಪ್ಪು ಬರುವುದೇ ನಿಂತರೆ ಪುಡಿ ಹೊರಗೆ ಹೋಗುವುದೂ ನಿಲ್ಲುತ್ತದೆ. ದಿನದಿನವೂ ಕೂಡುತ್ತಾ ಕೂಡುತ್ತಾ ವಿಷವಾಗುತ್ತದೆ. ಮಂಪರು, ಜೊಲ್ಲು, ಸೋತ ಹಿಂಗಾಲು, ಎಲ್ಲ ಅದರದೇ. ಏಕನಾಥನ ಮನೆಯ ಉಪ್ಪು ಮೀನು ಅದನ್ನು ತೊಳೆದು ಹಾಕಿದ್ದರಿಂದಲೇ ನಾಯಿ ಎದ್ದದ್ದು. ಪುಡಿಯ ಜೊತೆ ಊಟಕ್ಕೆ ಒಂದು ಚಿಟಿಕೆ ಉಪ್ಪು ಬಿದ್ದಿದ್ದರೆ ಈ ಮನೆಯಲ್ಲೇ ಅದು ಓಡಾಡಿಕೊಂಡು ಇರುತ್ತಿತ್ತು.

ಗೌರಾಬಾಯಿಯ ಕೈ ಈಳಿಗೆಯ ಮೇಲೆ ನಿಂತಿತು. ಶ್ರಾವಣದಲ್ಲಿ ತಾನು ಕದ್ದು ಬೆರೆಸಿದ ಉಪ್ಪಿನ ಬ್ಯಾಳಿ ಅವಳಿಗೆ ನೆನಪಾಯಿತು. ಸೋಮಾರಿತನದಿಂದ ಮಾಡಿದ ಆ ಮೋಸವನ್ನೇ ಮುಂದುವರಿಸಿಕೊಂಡು ಹೋಗಿದ್ದರೆ ಸಾಕಾಗಿತ್ತು. ಆಮೇಲೆ ಸಗಣಿ ಸಾರಿಸಿದ ಗೋಡೆ ನೆನಪಾಯಿತು.

“ಈಗೇನು? ಆರಾಮ ಆಗ್ಯದಲ್ಲ,” ಎಂದಳು.

“ಕಾಲು ಆರಾಮ ಆಗ್ಯಾವ. ಮೂರ್ಛಿ ಎಲ್ಲಿ ಹೋಗ್ತದ? ಪುಡಿ ಮೈಯಾಗಿಂದ ಪೂರಾ ಹೋತಂದ್ರ ಮತ್ತ ಬೀಳ್ತದ. ಮೊದಲಿನಕಿಂತ ಜೋರಲೆ ಬಿದ್ದೀತು ಅಂದಾರ ಡಾಕ್ಟರು. ಪುಡಿ ತಂದೇನಿ. ನಾ ನಾಳೆ ಭೋರಿಗೆ ಹೋಗಿ ಏಕನಾಥಗ ತಿಳಿಸಿ ಹೇಳಿ ಕೊಟ್ಟ ಬರ್ತೇನಿ.”

“ಮನ್ಯಾಗ ನಿಶ್ಚಯ ಇಟಗೊಂಡು ಹುಡುಗಿ ಅಣ್ಣ ಮೂರ್ಛಿ ಔಷಧ ಹಿಡಕೊಂಡು ಊರೂರು ತಿರಗ್ತಿಯೇನು? ಮೊದಲ ಆ ಹೊಳಬಸಪ್ಪನ ಹೆಂಡತಿ ಕಿವಿ ಎಲ್ಲಾ ಕಡೆ ಅವ. ನಿಮ್ಮಪ್ಪಗ ಗೊತ್ತಾದ್ರ ನಿನ್ನ ಕಾಲು ಮುರೀತಾನ. ಇಲ್ಲಿ ಕೊಡು. ಏಕನಾಥ ವಾರದಾಗ ಹೊಸ ಬೆಲ್ಲ ತರ್ತಾನ. ಅವನ ಕೈಯಾಗ ನಾ ಕೊಡ್ತೇನಿ. ಆಯಿಗೆ ಈ ಉಪ್ಪಿನ ಪುರಾಣ ಹೇಳಬ್ಯಾಡ.”

ಅವಳು ಪುಡಿಯ ಪೊಟ್ಟಣವನ್ನು ಉಪ್ಪಿನ ಭರಣಿಯ ಹಿಂದೆ ಇಟ್ಟಳು. ನೀರಿಗೆಂದು ಎದ್ದು ಹೊರಬಂದರೆ ಬಾಗಿಲ ಪಕ್ಕದಲ್ಲಿ ಚನ್ನಬಸವ್ವ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ಮೊರದಲ್ಲಿ ಕಾಳಿಗಿಂತ ಸಿಪ್ಪೆಯೇ ಹೆಚ್ಚು ಬಿದ್ದಿತ್ತು. ಮುದುಕಿ ತಲೆ ಎತ್ತಲಿಲ್ಲ.

“ಏಕನಾಥ ಬಂದ ಕೂಡಲೆ ಕೊಡು,” ಎಂದಳು.

ಏಕನಾಥ ಬಂದದ್ದು ನಿಶ್ಚಯಕ್ಕೆ ಇನ್ನೇನು ಎರಡು ದಿನ ಇದೆ ಅನ್ನುವಾಗ. ಗಾಡಿಯ ಗಂಟೆ ಕೇಳಿ ಗೌರಾಬಾಯಿ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮೆಟ್ಟಿಲ ಅರ್ಧಕ್ಕೆ ಇಳಿದಳು. ಅಂಗಡಿಯ ಗಾದಿಯ ಮೇಲೆ ಗೂಳಪ್ಪನ ಪಕ್ಕದಲ್ಲಿ ಹೊಳಬಸಪ್ಪನೇ ಕುಳಿತಿದ್ದ. ಹೊಸ ಬೆಲ್ಲದ ರುಚಿ ನೋಡುತ್ತಾ ಮಾತಾಡುತ್ತಿದ್ದ. ಬೀಗನಾಗುವವನ ಮುಂದೆ ಮನೆಯ ಹೆಂಗಸು ಅಂಗಡಿಗೆ ಇಳಿದು, ಗಾಡಿಯವನ ಕೈಗೆ ಔಷಧ ಕೊಟ್ಟು, ಮೂರ್ಛೆ, ನೊರೆ ಎಂದೆಲ್ಲ ಬಿಡಿಸಿ ಹೇಳುವುದೆಂದರೆ ಹೇಗೆ? ಏಕನಾಥ ಚೀಲ ಇಳಿಸುತ್ತಿದ್ದ. ನಾಯಿ ಹೇಗಿದೆಯಪ್ಪ ಎಂದು ಗೂಳಪ್ಪ ಕೇಳಿದ್ದಕ್ಕೆ, ಹುಲಿಯಂತೆ ಇದೆ ಶೇಟ್‌ಜಿ ಎಂದು ನಕ್ಕದ್ದು ಅವಳ ಕಿವಿಗೂ ಬಿತ್ತು. ಹುಲಿಯಂತೆ ಇದ್ದರೆ ನಾಲ್ಕು ದಿನ ತಡೆಯುತ್ತದೆ ಎಂದುಕೊಂಡು ಅವಳು ಮೇಲೆ ಬಂದಳು. ಹೊಳಬಸಪ್ಪ ಏಳುವ ಹೊತ್ತಿಗೆ ಗಾಡಿ ಹೋಗಿಬಿಟ್ಟಿತ್ತು.

“ಕೊಟ್ಟೇನು?” ಎಂದಳು ಚನ್ನಬಸವ್ವ.

“ಬೀಗರು ಕೂತಿದ್ರಲ್ರಿ. ಮುಂದಿನ ಖೇಪಿಗೆ ಕೊಡ್ತೇನಿ.”

ಮುದುಕಿ ಎದ್ದು ದೇವರ ಮುಂದೆ ಹೋಗಿ ಕುಳಿತಳು. ಬೈದಿದ್ದರೆ ಗೌರಾಬಾಯಿಗೆ ಜಗಳಕ್ಕೆ ಒಂದು ದಾರಿಯಾಗುತ್ತಿತ್ತು.

ನಿಶ್ಚಯ ಚೆನ್ನಾಗಿ ನಡೆಯಿತು. ವಾಡೆಗೆಲ್ಲ ಸಕ್ಕರೆ ಹಂಚಿದರು. ಬೆಲ್ಲದ ವ್ಯಾಪಾರಿ ಸಕ್ಕರೆ ಕೊಂಡು ಹಂಚಬೇಕಾಯಿತಲ್ಲ ಎಂದು ಹೊಳಬಸಪ್ಪ ಚೇಷ್ಟೆ ಮಾಡಿದ, ಎಲ್ಲರೂ ನಕ್ಕರು. ಹೊಳಬಸಪ್ಪನ ಹೆಂಡತಿ ಹೊರಡುವಾಗ ಅಂಗಳದಲ್ಲಿ ನಿಂತು, ನಿಮ್ಮದೊಂದು ನಾಯಿ ಇತ್ತಲ್ಲ, ಅದಕ್ಕೇ ಏನೋ ಔಷಧ ತರುತ್ತಿದ್ದಿರಂತೆ, ಆಮೇಲೆ ನನಗೆ ತಿಳಿಯಿತು, ಪಾಪ ಹೇಗಿದೆ ಎಂದು ಕೇಳಿದಳು. ಎಲ್ಲಿಂದಲೋ ನಿಜ ಅವಳಿಗೆ ಮುಟ್ಟಿಯೇ ಇತ್ತು. ಚೆನ್ನಾಗಿದೆ ಎಂದಳು ಗೌರಾಬಾಯಿ.

ಮುಂದಿನ ಸೋಮವಾರ ಹರಕೆ ಮುಗಿಯುವ ಊಟ. ಗೌರಾಬಾಯಿ ಒಂದೇ ಗಡಿಗೆಯಲ್ಲಿ ಬ್ಯಾಳಿ ಬೇಯಿಸಿದಳು. ಉಪ್ಪು ಹಾಕುವ ಮೊದಲು ಕೈ ತಾನಾಗಿಯೇ ಸೌಟು ಎತ್ತಿ ಚಿಕ್ಕ ಗಡಿಗೆಗೆ ತೆಗೆಯಿತು. ನೆನಪಾಗಿ ಮರಳಿ ಸುರಿದು, ಉಪ್ಪು ಹಾಕಿ ತಿರುವಿದಳು. ಅತ್ತೆಯ ತಾಟಿಗೆ ರೊಟ್ಟಿ, ಬ್ಯಾಳಿ, ಬದನೆಕಾಯಿ ಪಲ್ಯ, ಅಂಚಿಗೆ ಒಂದು ಚಿಟಿಕೆ ಉಪ್ಪು ಬಡಿಸಿದಳು. ಅಷ್ಟರಲ್ಲಿ ಕೆಳಗೆ ಗಾಡಿಯ ಗಂಟೆ ಕೇಳಿತು. ಪೊಟ್ಟಣ ತೆಗೆದುಕೊಂಡು ಇಳಿದಳು. ಅಂದು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಇದು ನಾಯಿಯ ಮೂರ್ಛೆಗೆ ಔಷಧವೆಂದು ಹೇಳಿ ಗೌರಾಬಾಯಿ ಪೊಟ್ಟಣ ಕೊಡಹೋದರೆ ಏಕನಾಥ ಕೈ ಚಾಚಲಿಲ್ಲ. ತಲೆಯ ಮೇಲಿನ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡ. ಭೋರಿನ ಸಂತೆಯಲ್ಲಿ ನಾಯಿ ಗಾಡಿಯ ಹಿಂದೆಯೇ ಬಂದಿತ್ತಂತೆ. ಅವನು ಮೂಟೆ ಇಳಿಸುವಾಗ ಜನರ ನಡುವೆ ಬಿದ್ದು ಒದ್ದಾಡಿತಂತೆ. ನೊರೆ ಕಂಡು ಹುಚ್ಚುನಾಯಿ ಎಂದು ಕೂಗಿದರು. ಅವನು ಮೂಟೆ ಒಗೆದು ಓಡಿ ಹೋಗುವುದರೊಳಗೆ ಕಲ್ಲುಗಳು ಬಿದ್ದು ಎಲ್ಲ ಮುಗಿದಿತ್ತು.

“ವಹಿನಿ,” ಎಂದ ಅವನು, “ಅದಕ್ಕೆ ಮೂರ್ಛೆ ಇದೆ ಅಂತ ನನಗೆ ಒಂದು ಮಾತು ಹೇಳಿದ್ದರೆ ಸಂತೆಗೆ ತರುತ್ತಿದ್ದೆನೆ? ಮನೆಯಲ್ಲಿ ಕಟ್ಟಿ ಹಾಕುತ್ತಿದ್ದೆ. ನಾನೂ ಹುಚ್ಚು ಹಿಡಿದಿದೆ ಅಂತಲೇ ಮೊದಲು ತಿಳಿದೆ.”

ಗೌರಾಬಾಯಿ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. ಮೇಲೆ ಬಂದಳು. ಮುದುಕಿ ಅರ್ಧ ಊಟ ಮಾಡಿದ್ದಳು. ತುಟಿಗೆ ಬ್ಯಾಳಿ ಅಂಟಿತ್ತು.

“ಕೊಟ್ಟೇನು?”

ಗೌರಾಬಾಯಿ ಪೊಟ್ಟಣ ಕೈಯಲ್ಲಿ ಹಿಡಿದೇ ಕುಳಿತಳು. ಆದದ್ದನ್ನು ಹೇಳಿದಳು, ಮುಚ್ಚಿಡಲಿಲ್ಲ. ಕಲ್ಲುಗಳನ್ನೂ ಹೇಳಿದಳು. ಚನ್ನಬಸವ್ವ ಕೇಳಿದಳು. ತುತ್ತು ಹಿಡಿದ ಕೈ ತಾಟಿನ ಮೇಲೆ ಹಾಗೆಯೇ ಇತ್ತು.

“ನಾ ಉಪ್ಪು ಬಿಟ್ಟದ್ದು ಅಂಬಾನ ಸಲುವಾಗಿ ಅಂತ ಎಲ್ಲಾರೂ ತಿಳಕೊಂಡಾರ,” ಎಂದಳು. “ನಿನಗ ಮಾತ್ರ ಗೊತ್ತಿತ್ತು.”

“ಗೊತ್ತಿತ್ರಿ.”

“ಮತ್ತ ಯಾಕ ಅಷ್ಟು ಚೊಲೋ ಪಾಲಿಸಿದಿ ಅದನ್ನ?”

ಮುದುಕಿ ಉತ್ತರಕ್ಕೆ ಕಾಯಲಿಲ್ಲ. ಪ್ರಸಾದ ಬಿಟ್ಟು ಏಳುವಂತಿರಲಿಲ್ಲ. ಅವಳು ತುತ್ತು ಬಾಯಿಗಿಟ್ಟಳು. ಉಳಿದ ರೊಟ್ಟಿಯನ್ನು ಮುರಿದು ಮುರಿದು ಬ್ಯಾಳಿಯಲ್ಲಿ ಅದ್ದಿ ಅಗಿದಳು. ಪಲ್ಯವನ್ನು ಬೆರಳಿನಿಂದ ಬಳಿದು ತಿಂದಳು. ತಾಟಿನ ಅಂಚಿನಲ್ಲಿದ್ದ ಉಪ್ಪಿನ ಚಿಟಿಕೆಯನ್ನೂ ಕೊನೆಯ ತುತ್ತಿಗೆ ಒತ್ತಿ ನುಂಗಿದಳು. ಆಮೇಲೆ ತಂಬಿಗೆಯಿಂದ ನೀರು ಸುರಿದು, ತಾಟನ್ನು ಕೈಯಿಂದ ಸುತ್ತಲೂ ತೊಳೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಆ ನೀರನ್ನು ಒಂದು ಹನಿ ಉಳಿಯದಂತೆ ಕುಡಿದಳು.